ಗಿರಣಿ ನಿಂತ ಹೊತ್ತು

ವಿಜ್ಞಾನದ ಟೀಚರ್ ಆ ದಿನ ತರಗತಿಗೆ ಬಂದದ್ದು ಒಂದು ಕೈಯಲ್ಲಿ ಪಾಠದ ಪುಸ್ತಕ, ಇನ್ನೊಂದು ಕೈಯಲ್ಲಿ ಬೇಯಿಸಿದ ಮೊಟ್ಟೆ ಹಿಡಿದುಕೊಂಡು. ಮೊಟ್ಟೆ ಕಂಡದ್ದೇ ತಡ, ಹಿಂದಿನ ಬೆಂಚಿನವರೆಲ್ಲ ಕತ್ತು ಉದ್ದ ಮಾಡಿದರು. ಟೀಚರ್ ಅದನ್ನು ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿ, ಸುತ್ತಲೂ ಬಿರುಕು ಬಿಡಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ಇದು ನಮ್ಮ ಭೂಮಿ ಅಂತ ಇಟ್ಕೊಳ್ಳಿ. ಮೇಲಿನ ಚಿಪ್ಪು ಇಡಿಯಾಗಿಲ್ಲ, ಚೂರು ಚೂರಾಗಿದೆ. ಈ ಚೂರುಗಳು ಸುಮ್ಮನೆ ಕೂತಿರಲ್ಲ. ಒಂದನ್ನೊಂದು ತಳ್ಳುತ್ವೆ, ಉಜ್ಜುತ್ವೆ. ಉಜ್ಜಿ ಉಜ್ಜಿ ಎಲ್ಲೋ ಒಂದು ಕಡೆ ಗಕ್ಕನೆ ಜಾರಿದರೆ ಭೂಕಂಪ. ಸಂದಿಯಿಂದ ಒಳಗಿನ ಕರಗಿದ ಕಲ್ಲು ಹೊರಗೆ ನುಗ್ಗಿದರೆ ಜ್ವಾಲಾಮುಖಿ. ಹಾಗೆ ನುಗ್ಗಿದ್ದು ತಣ್ಣಗಾದ ಮೇಲೆ ಏನಾಗುತ್ತೆ?”

“ಆಮ್ಲೆಟ್!” ಎಂದ ಹಿಂದಿನ ಬೆಂಚಿನ ಹುಡುಗನೊಬ್ಬ.

“ಕಲ್ಲಾಗುತ್ತೆ ಕಣಪ್ಪ. ನಿನ್ನ ಹೊಟ್ಟೆಗೆ ಸ್ವಲ್ಪ ಸಮಾಧಾನ ಹೇಳು, ಊಟದ ಬೆಲ್ಲು ಇನ್ನೂ ದೂರ ಇದೆ.”

ಗುಬ್ಬಿ ಕೈ ಎತ್ತಿದಳು. ಶಾಲೆಯ ಪುಸ್ತಕದಲ್ಲಿ ಅವಳಿಗೆ ಉದ್ದನೆಯ ಹೆಸರೊಂದಿತ್ತು. ಆದರೆ ಹಿಟ್ಟಿನ ಗಿರಣಿಯವರ ಮಗಳು, ಅಂಬೆಗಾಲಿಡುವಾಗಿನಿಂದ ಕಾಳಿನ ರಾಶಿಯ ನಡುವೆಯೇ ಆಡಿ ಬೆಳೆದವಳು. ಹಾಗಾಗಿ ಮನೆಯಲ್ಲೂ ಬೀದಿಯಲ್ಲೂ ಅವಳು ಗುಬ್ಬಿಯೇ.

“ಟೀಚರ್, ಅಂದ್ರೆ ಗಿರಣಿಯ ಎರಡು ಕಲ್ಲು ಉಜ್ಜಿದ ಹಾಗಾ?”

“ಸರಿಯಾಗಿ ಹೇಳ್ದೆ! ಹಾಗೇನೇ. ಇಲ್ಲಿ ಹಿಟ್ಟು ಬರಲ್ಲ, ಅಷ್ಟೇ ವ್ಯತ್ಯಾಸ.”

ಗುಬ್ಬಿ ಹಿಗ್ಗಿ ಹೀರೇಕಾಯಾದಳು. ಆದರೆ ಆ ಹಿಗ್ಗು ಪಾಠ ಮುಗಿಯುವವರೆಗೂ ಬಾಳಲಿಲ್ಲ.

ಟೀಚರ್ ವಾರದ ಹಿಂದೆಯೇ ಒಂದು ಮಾತು ಹೇಳಿಟ್ಟಿದ್ದರು. ಯಾವುದೋ ಒಂದು ದಿನ, ಮುನ್ಸೂಚನೆ ಕೊಡದೆ, ಭೂಕಂಪದ ಅಭ್ಯಾಸ ಮಾಡಿಸುತ್ತೇನೆ. ನೆಲ ನಡುಗಿದ್ದು ತಿಳಿದ ಕೂಡಲೇ, ಯಾರೂ ಹೇಳುವುದಕ್ಕೆ ಕಾಯದೆ, ಬೆಂಚಿನ ಕೆಳಗೆ ತೂರಿಕೊಂಡು ತಲೆ ಮುಚ್ಚಿಕೊಳ್ಳಬೇಕು. ಆ ದಿನ ಇದೇ ಆಗಿತ್ತು. ಮಕ್ಕಳು ಬೋರ್ಡಿನ ಮೇಲಿನದನ್ನು ಬರೆದುಕೊಳ್ಳುತ್ತಿದ್ದಾಗ ಮೇಲಿನ ಮಹಡಿಯಲ್ಲಿ ಶಾಲೆಯ ಜವಾನ, ಟೀಚರ್ ಹೇಳಿಟ್ಟಿದ್ದಂತೆ, ನೀರು ತುಂಬಿದ ಡ್ರಮ್ಮನ್ನು ಉರುಳಿಸಿಬಿಟ್ಟ. ಗಡಗಡ ಸದ್ದಿಗೆ ಕಿಟಕಿಗಳು ಅದುರಿದವು, ಬೆಂಚುಗಳು ಗುಂಯ್‌ಗುಟ್ಟಿದವು. ಮಕ್ಕಳೆಲ್ಲ ಎದ್ದೆವೋ ಬಿದ್ದೆವೋ ಎಂದು ಕೆಳಗೆ ನುಗ್ಗಿದರು.

ಗುಬ್ಬಿ ಮಾತ್ರ ಎಡಗೈಯನ್ನು ತನ್ನ ನೀರಿನ ಬಾಟಲಿಯ ಮೇಲಿಟ್ಟು, ಬಲಗೈಯಲ್ಲಿ ‘ಶಿಲೆಗಳು ಮೂರು ವಿಧ’ ಎಂದು ದುಂಡಗೆ ಬರೆಯುತ್ತಿದ್ದಳು. ಬರೆದು, ಕೆಳಗೊಂದು ಗೆರೆ ಎಳೆದು, ತಲೆ ಎತ್ತಿದರೆ ಟೀಚರ್ ಬಿಟ್ಟು ತರಗತಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ!

“ಟೀಚರ್, ಎಲ್ಲರೂ ಎಲ್ಲಿ ಹೋದ್ರು?”

ಬೆಂಚುಗಳ ಕೆಳಗಿನಿಂದ ಒಂದೊಂದೇ ತಲೆ ಎದ್ದಿತು. ಆಮೇಲೆ ಎದ್ದದ್ದು ನಗು. ಹೊಟ್ಟೆ ಹಿಡಿದುಕೊಂಡು ನಕ್ಕರು, ಬೆಂಚು ಬಡಿದು ನಕ್ಕರು. ಡ್ರಮ್ಮಿನಿಂದಾದ ನಡುಕಕ್ಕಿಂತ ಅದೇ ಹೆಚ್ಚು.

“ಬಂಡೆ ಕಣ್ರೋ ಇವಳು! ಬಂಡೆ!” ಎಂದು ಕೂಗಿದವನು ಲಾವಾ. ಜ್ವಾಲಾಮುಖಿಯ ಪಾಠ ಶುರುವಾದಂದಿನಿಂದ ಅವನ ಬಾಯಲ್ಲಿ ಬೇರೆ ಮಾತೇ ಇರದಿದ್ದದ್ದರಿಂದ ಬಂದ ಹೆಸರದು.

ಟೀಚರ್ ನಗಲಿಲ್ಲ. ಬಂದು ಗುಬ್ಬಿಯ ಪಕ್ಕ ಕೂತರು. “ನಿಂಗೆ ಗೊತ್ತಾಗ್ಲೇ ಇಲ್ವಾಮ್ಮ?”

“ಏನು ಟೀಚರ್?”

“ನಡುಗಿದ್ದು.”

“ನಡುಗ್ತಾ?”

ಟೀಚರ್ ಅವಳ ಎಡಗೈಯನ್ನೇ ನೋಡಿದರು. ಅದು ಇನ್ನೂ ಬಾಟಲಿಯ ಮೇಲೇ ಇತ್ತು. “ನಿಜವಾಗ್ಲೂ ನೆಲ ನಡುಗಿದ ದಿನ ನೀನು ಹೇಗಮ್ಮ ತಿಳ್ಕೊಳ್ತೀಯ?” ಎಂದು ಮೆಲ್ಲಗೆ ಕೇಳಿದರು.

ಅದೇ ದಿನ ಕೊನೆಯ ಅವಧಿಯಲ್ಲಿ ವಿಜ್ಞಾನ ಪ್ರದರ್ಶನಕ್ಕೆ ಯಾರು ಏನು ಮಾಡುತ್ತಾರೆಂದು ಕೇಳಲಾಯಿತು. ಅರ್ಧ ತರಗತಿಗೆ ಜ್ವಾಲಾಮುಖಿಯೇ ಬೇಕು. ಲಾವಾ ಅಂತೂ ಎರಡೂ ಕೈ ಎತ್ತಿದ್ದ. ಉಳಿದವರು ಕಲ್ಲು ಆರಿಸಿಕೊಂಡರು. ಏನೂ ಮಾಡದವರಿಗೆ ಬಾಗಿಲಲ್ಲಿ ನಿಂತು ಬಂದವರಿಗೆ ನೀರು ಕೊಡುವ ಕೆಲಸ. ಹೋದ ವರ್ಷ ಗುಬ್ಬಿ ಅದನ್ನೇ ಮಾಡಿದ್ದಳು. ಒಳಗೆ ಎಲ್ಲರೂ ‘ಓಹೋ’, ‘ಆಹಾ’ ಎನ್ನುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತೇ ಹೊರತು ಏನಿದೆಯೆಂದು ಕಾಣುತ್ತಿರಲಿಲ್ಲ. ಈ ವರ್ಷ ಬಂಡೆ ಎಂದು ಬೇರೆ ಅನ್ನಿಸಿಕೊಂಡಾಗಿದೆ. ಅವಳು ಎದ್ದು ನಿಂತಳು.

“ನಾನು ಭೂಕಂಪ ಅಳೆಯೋ ಯಂತ್ರ ಮಾಡ್ತೀನಿ.”

“ಭೂಕಂಪ ಆದರೆ ನಾವೇ ಹೇಳ್ತೀವಿ ಬಿಡೇ, ಬೆಂಚಿನ ಕೆಳಗಿಂದ!” ಎಂದ ಲಾವಾ.

ಟೀಚರ್ ಅವನತ್ತ ಹುಬ್ಬು ಗಂಟಿಕ್ಕಿ, ಗುಬ್ಬಿಗೆ ಹೇಳಿದರು: “ಮಾಡು. ತೂಗುವ ಭಾರಕ್ಕೆ ಪೆನ್ನು ಕಟ್ಟಿ, ಕೆಳಗೆ ಕಾಗದ ಎಳೀಬೇಕು. ಆದರೆ ಒಂದು ಷರತ್ತು. ಮೊದಲು ನಂಗೆ ಒಂದು ನೇರ ಗೆರೆ ತಂದು ತೋರಿಸಬೇಕು. ಎಲ್ಲಾ ಸುಮ್ಮನಿದ್ದಾಗ ಪೆನ್ನು ಎಳೆದ ಗೆರೆ. ಸುಮ್ಮನಿರೋದು ಹೇಗಿರುತ್ತೆ ಅಂತ ಗೊತ್ತಿಲ್ಲದಿದ್ರೆ ನಡುಗಿದ್ದು ಯಾವುದು ಅಂತ ಹೇಗೆ ಹೇಳ್ತೀಯ? ಇಲ್ಲಿ ಶಾಲೆಯಲ್ಲಿ ಆಗಲ್ಲ, ಇಷ್ಟು ಮಕ್ಕಳ ಕಾಲು ಒಂದು ಗಳಿಗೆ ಸುಮ್ಮನಿರಲ್ಲ. ಮನೇಲಿ ಎಳ್ಕೊಂಡು ಬಾ. ಸೋಮವಾರದ ಒಳಗೆ.”

ಅದೇನು ಮಹಾ, ಒಂದು ನೇರ ಗೆರೆ ತಾನೇ, ಎಂದುಕೊಂಡು ಗುಬ್ಬಿ ಮನೆಗೆ ಬಂದಳು.

ಗಿರಣಿ ಕೆಳಗೆ, ಮನೆ ಮೇಲೆ. ಬೆಳಕು ಹರಿಯುವಾಗ ಶುರುವಾದ ಗಿರಣಿ ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತಿತ್ತು. ಅಷ್ಟು ಹೊತ್ತೂ ಮನೆಯ ನೆಲ ಬೆಕ್ಕಿನ ಹೊಟ್ಟೆಯ ಹಾಗೆ ಗುರುಗುಟ್ಟುತ್ತಲೇ ಇರುತ್ತಿತ್ತು. ಗೋಡೆಗೆ ಹೊಡೆದ ಮೊಳೆಗಳು ತಮ್ಮ ಪಾಡಿಗೆ ತಾವು ಹೊರಗೆ ಬರುತ್ತಿದ್ದವು. ತಟ್ಟೆಗಳ ನಡುವೆ ಬಟ್ಟೆ ಹಾಕಿಡದಿದ್ದರೆ ಅವು ತಮ್ಮತಮ್ಮಲ್ಲೇ ಜಗಳಕ್ಕೆ ನಿಲ್ಲುತ್ತಿದ್ದವು. ಮೇಜಿನ ಮೇಲೆ ಲೋಟ ಇಟ್ಟರೆ ಅದು ಹೆಜ್ಜೆ ಹೆಜ್ಜೆಯಾಗಿ ಅಂಚಿಗೆ ನಡೆದು ಹೋಗುತ್ತಿತ್ತು. ಆದ್ದರಿಂದ ಆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರೂ ಎಡಗೈ ಲೋಟದ ಮೇಲೆ. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಹಾಗೆ ಮಾಡುತ್ತೇವೆಂದು ಯಾರಿಗೂ ಗೊತ್ತೂ ಇರಲಿಲ್ಲ.

ಯಂತ್ರ ಮಾಡಿಕೊಟ್ಟದ್ದು ಚಿಕ್ಕಪ್ಪ. ಹಳೆಯ ದೊಡ್ಡ ಜರಡಿಯೊಂದರ ಮರದ ಚೌಕಟ್ಟನ್ನು ಹಲಗೆಯ ಮೇಲೆ ನಿಲ್ಲಿಸಿದರು. ಭಾರಕ್ಕೆಂದು, ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟಿದ್ದ ಕಪ್ಪು ಕಲ್ಲನ್ನು ತಂತಿಯಿಂದ ಬಿಗಿದು ತೂಗುಹಾಕಿದರು. ಅದು ಎಂದೋ ಒಡೆದು ಹೋದ ಹಳೆಯ ಗಿರಣಿ ಕಲ್ಲಿನ ತುಂಡು. ಅದರ ತಳಕ್ಕೆ ಸ್ಕೆಚ್ ಪೆನ್ನು ಕಟ್ಟಿದರು. ಗುಬ್ಬಿ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಉದ್ದಕ್ಕೆ ಕತ್ತರಿಸಿ, ಹಿಟ್ಟಿನ ಗೋಂದು ಕಾಯಿಸಿ ಅಂಟಿಸಿ, ಸುರುಳಿ ಮಾಡಿದಳು.

“ಇದೇನೇ ಇದು, ತೊಟ್ಟಿಲಾ?” ಎಂದರು ಅಜ್ಜಿ.

“ಅಲ್ಲಜ್ಜಿ. ನೆಲ ನಡುಗಿದಾಗ ಚೌಕಟ್ಟು ನಡುಗುತ್ತೆ, ಕಾಗದ ನಡುಗುತ್ತೆ. ಕಲ್ಲು ಮಾತ್ರ ಇದ್ದಲ್ಲೇ ಇರುತ್ತೆ. ಎಲ್ಲಾ ಅಲ್ಲಾಡುವಾಗ ಅಲ್ಲಾಡದೆ ಇರೋದು ಒಂದು ಬೇಕು.”

“ಅದಕ್ಕೆ ಕಲ್ಲು ಯಾಕೆ? ಈ ಮನೇಲಿ ನಾನಿಲ್ವಾ?”

ಮೊದಲ ದಿನ ಕಾಗದ ಎಳೆದಾಗ ಬಂದದ್ದು ಗೆರೆಯಲ್ಲ, ಕಂಬಳಿಹುಳು. ಉದ್ದಕ್ಕೂ ರೋಮ ರೋಮ. ಗಿರಣಿ ತಿರುಗುತ್ತಿತ್ತಲ್ಲ! ಸಂಜೆ ಗಿರಣಿ ನಿಂತ ಮೇಲೆ ಎಳೆದಳು. ಆಗ ಕೆಳಗೆ ಮೂಟೆ ಎಳೆದು ಜೋಡಿಸುವ ಹೊತ್ತು. ಪ್ರತಿ ಮೂಟೆಗೂ ಒಂದೊಂದು ಗೂನು ಬಿತ್ತು. ಊಟವಾದ ಮೇಲೆ ಎಳೆಯೋಣವೆಂದರೆ, ತಟ್ಟೆ ತೊಳೆದಿಡುವಷ್ಟರಲ್ಲಿ ಗುಬ್ಬಿಯ ಕಣ್ಣುಗಳು ಅಂಟಿಕೊಂಡವು. ಒಮ್ಮೆ ಮಲಗಿದಳೆಂದರೆ ಅವಳನ್ನು ಎಬ್ಬಿಸುವುದು ಯಾರಿಂದಲೂ ಆಗದ ಮಾತು. ಗಿರಣಿಗೆ ವಾರದ ರಜೆ ಶುಕ್ರವಾರ, ಆ ದಿನ ಬೀಗ. ಸದ್ಯ ಎಂದು ಶಾಲೆಯಿಂದ ಬಂದವಳೇ ಕಾಗದಕ್ಕೆ ಕೈಹಾಕಿದರೆ ಕೆಳಗಿನಿಂದ ಟಕ್, ಟಕ್, ಟಕ್. ಸವೆದು ನುಣುಪಾದ ಗಿರಣಿ ಕಲ್ಲನ್ನು ಚಿಕ್ಕಪ್ಪ ಉಳಿ ಸುತ್ತಿಗೆ ಹಿಡಿದು ಒರಟು ಮಾಡುತ್ತಿದ್ದರು.

“ಚಿಕ್ಕಪ್ಪಾ, ಇವತ್ತು ಬೇಡ!”

“ಇವತ್ತಲ್ದೆ ಇನ್ಯಾವತ್ತು ಮಾಡ್ಲೇ? ಕಲ್ಲು ತಿರುಗ್ತಿರುವಾಗ ಕೂತ್ಕೊಂಡು ಕುಟ್ಲಾ?”

ಬೆಂಚಿನ ಗೆಳತಿ ಉಪಾಯ ಹೇಳಿಕೊಟ್ಟಳು: “ಸ್ಕೇಲ್ ಇಟ್ಟು ಎಳೆದುಬಿಡೇ. ಯಾರಿಗೆ ಗೊತ್ತಾಗುತ್ತೆ?” ಗುಬ್ಬಿ ಸ್ಕೇಲನ್ನು ಕೈಗೆ ತೆಗೆದುಕೊಂಡದ್ದೂ ನಿಜ. ಕಾಗದದ ಮೇಲೆ ಇಟ್ಟದ್ದೂ ನಿಜ. ಆಮೇಲೆ ತೂಗುತ್ತಿದ್ದ ಕಪ್ಪು ಕಲ್ಲು ತನ್ನನ್ನೇ ನೋಡುತ್ತಿದೆ ಎನ್ನಿಸಿ, ಸ್ಕೇಲನ್ನು ಚೀಲಕ್ಕೆ ತುರುಕಿ, ಕೆಳಗೆ ಅಪ್ಪನ ಬಳಿ ಹೋದಳು.

“ಅಪ್ಪಾ, ಗಿರಣಿ ನಿಲ್ಸು.”

ಅಪ್ಪ ಬೆಚ್ಚಿಬಿದ್ದರು. “ಯಾಕೆ? ಯಾರಿಗೇನಾಯ್ತು?”

ಅವರು ಬೆಚ್ಚಿದ್ದರಲ್ಲಿ ತಪ್ಪಿರಲಿಲ್ಲ. ಕಾಳು ಸುರಿದ ಮೇಲೆ ಅದು ಹಿಟ್ಟಾಗುವವರೆಗೆ ಗಿರಣಿ ನಿಲ್ಲಿಸುವ ಪದ್ಧತಿಯೇ ಇಲ್ಲ. ಹಾಡಹಗಲು ಅದು ನಿಂತದ್ದು ಒಂದೇ ಒಂದು ಸಲ, ಚಿಕ್ಕಪ್ಪನ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿಕೊಂಡಾಗ. ತೋಳು ಹೋಯಿತು, ಪುಣ್ಯಕ್ಕೆ ಅಂಗಿಯದು ಮಾತ್ರ.

“ಯಾರಿಗೂ ಏನೂ ಆಗಿಲ್ಲ. ನಂಗೊಂದು ನೇರ ಗೆರೆ ಬೇಕು.”

“ಒಂದು ಗೆರೆಗೆ ಗಿರಣಿ ನಿಲ್ಸೋದಾ! ಮನೇಲಿ ಸ್ಕೇಲ್ ಇಲ್ವಾ?”

“ಅದು ಸ್ಕೇಲಿನ ಗೆರೆ ಆಗುತ್ತೆ ಅಪ್ಪಾ, ನಮ್ಮನೆ ಗೆರೆ ಆಗಲ್ಲ. ನೇರ ಗೆರೆ ಇಲ್ದಿದ್ರೆ ನಾನು ಮತ್ತೆ ಬಾಗಿಲಲ್ಲೇ ನಿಲ್ಬೇಕು.”

ಮೆಟ್ಟಿಲ ಮೇಲಿಂದ ಅಮ್ಮ ಕೇಳಿಸಿಕೊಂಡಿದ್ದರು. “ಹೋದ ವರ್ಷ ಮಗು ಲೋಟ ಹಿಡ್ಕೊಂಡು ನಿಂತಿದ್ದು ಮರೆತ್ರಾ? ನೀವೇ ಮೂರು ಸಲ ಹೋಗಿ ಅವಳ ಹತ್ರ ನೀರು ಕುಡಿದು ಬಂದ್ರಿ.”

“ಅವಳಿಗೆ ಬೇಜಾರಾಗಬಾರದು ಅಂತ ಕುಡಿದೆ ಕಣೇ. ಆಮೇಲೆ ನಾನು ಪಟ್ಟ ಪಾಡು ನಂಗೇ ಗೊತ್ತು.” ಅಪ್ಪ ಮೈಮೇಲಿನ ಹಿಟ್ಟು ಕೊಡವಿಕೊಂಡರು, ಮನಸ್ಸು ಕರಗಿದಾಗ ಅವರು ಮಾಡುತ್ತಿದ್ದದ್ದು ಅದನ್ನೇ. “ಸರಿ. ನಾಳೆ ಭಾನುವಾರ, ನಿಂಗೆ ಶಾಲೆ ಇಲ್ವಲ್ಲ. ಈ ಕಾಳು ಮುಗಿದು ಇನ್ನೊಂದು ಸುರಿಯೋ ಮುಂಚೆ, ಒಂದು ಲೋಟ ಚಹಾ ಕುಡಿಯೋ ಹೊತ್ತು. ಅಷ್ಟೇ!”

ಮರುದಿನ ಮಧ್ಯಾಹ್ನ ಅಜ್ಜಿ ಒಳಕೋಣೆಯಲ್ಲಿ ಊಟದ ಮೇಲಿನ ನಿದ್ದೆಯಲ್ಲಿದ್ದರು. ಅಪ್ಪ, ಅಮ್ಮ, ಚಿಕ್ಕಪ್ಪ ಚಹಾ ಹಿಡಿದು ಮೇಜಿನ ಸುತ್ತ ಕೂರುವುದೆಂದಾಯಿತು. ಗುಬ್ಬಿ ಕಾಗದದ ತುದಿ ಹಿಡಿದು ಮೆಲ್ಲಗೆ ಎಳೆಯತೊಡಗಿದಳು. ಕಂಬಳಿಹುಳು ಹರಿಯಿತು. ಕೆಳಗೆ ಅಪ್ಪ ಸ್ವಿಚ್ ಆರಿಸಿ, ಕಳ್ಳಹೆಜ್ಜೆ ಇಟ್ಟು ಮೇಲೆ ಬಂದು ಕೂತರು. ಕಲ್ಲು ಸುತ್ತಿ, ನಿಧಾನವಾಗಿ ಸುತ್ತಿ, ನಿಂತಿತು.

ಕಂಬಳಿಹುಳುವಿನ ರೋಮ ಉದುರಿತು. ಪೆನ್ನಿನ ಕೆಳಗಿಂದ ಗೆರೆ ಹೊರಟಿತು. ನೇರ, ಸಣ್ಣಗೆ, ಬಾಚಿದ ತಲೆಯ ಬೈತಲೆಯ ಹಾಗೆ.

ಗುಬ್ಬಿ ಉಸಿರು ಬಿಗಿಹಿಡಿದು ಎಳೆದಳು. ಎಲ್ಲರ ಎಡಗೈ ಲೋಟದ ಮೇಲೆ, ಯಾರೂ ಕುಡಿಯುತ್ತಿಲ್ಲ. ಎಲ್ಲೋ ನಲ್ಲಿ ತೊಟ್ಟಿಕ್ಕಿತು.

“ನಮ್ಮ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಾ?” ಎಂದರು ಅಮ್ಮ ಪಿಸುಗುಟ್ಟುತ್ತ, ಕಣ್ಣರಳಿಸಿ.

“ಶ್ಶ್!”

ಚಿಕ್ಕಪ್ಪ ಕೂತಲ್ಲೇ ಚಡಪಡಿಸಿದರು. “ಯಾಕೋ ಎದೆ ಒಂಥರಾ ಆಗ್ತಿದೆ, ಅಣ್ಣಾ.”

ಅಷ್ಟರಲ್ಲಿ ಒಳಕೋಣೆಯ ಬಾಗಿಲು ಧಡಾರನೆ ತೆರೆಯಿತು. “ಏನಾಯ್ತು? ಯಾರಿಗೇನಾಯ್ತು?” ಅಜ್ಜಿ ಕೂದಲು ಕೆದರಿಕೊಂಡು ಓಡಿ ಬಂದರು. ಎಷ್ಟೋ ವರ್ಷಗಳಿಂದ ಅವರು ಓಡಿದ್ದನ್ನು ಯಾರೂ ನೋಡಿರಲಿಲ್ಲ.

ಅವರ ಬೆನ್ನಿಗೇ ಮೆಟ್ಟಿಲ ಮೇಲೆ ದಡಬಡ. ಮೊದಲು ನುಗ್ಗಿದವರು ಎದುರಂಗಡಿಯ ದರ್ಜಿ, ಕತ್ತಿನಲ್ಲಿ ಟೇಪು, ಕೈಯಲ್ಲಿ ಅರ್ಧ ಹೊಲಿದ ಲಂಗ. ಹಿಂದೆಯೇ ಗಡಿಯಾರ ರಿಪೇರಿಯವರು, ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರ ಹಾಗೇ ಇದೆ. ಅವರ ಹಿಂದೆ ಕಾಳು ತಂದು ಕಾಯುತ್ತಿದ್ದವರೆಲ್ಲ.

“ಕರೆಂಟ್ ಹೋಗಿಲ್ಲ, ಫ್ಯಾನ್ ತಿರುಗ್ತಿದೆ, ಗಿರಣಿ ಮಾತ್ರ ನಿಂತಿದೆ! ಯಾರು ಸಿಕ್ಕಿಹಾಕ್ಕೊಂಡ್ರು?” ದರ್ಜಿ ಏದುಸಿರು ಬಿಟ್ಟರು. “ನಂಗಂತೂ ಕಾಲ ಕೆಳಗಿನ ನೆಲಾನೇ ಹೋದ ಹಾಗಾಯ್ತು!”

“ನನ್ನ ಕೈ ಅದುರೋದು ಗಕ್ಕನೆ ನಿಂತು, ಸ್ಕ್ರೂ ಎಲ್ಲೋ ಹಾರಿಹೋಯ್ತು ಸ್ವಾಮೀ!” ಎಂದರು ಗಡಿಯಾರದವರು. “ಅದುರೋ ಮೇಜಿನ ಮೇಲೆ ಕೆಲಸ ಕಲಿತವನು ನಾನು. ಹೀಗೆ ಹೇಳದೆ ಕೇಳದೆ ನಿಲ್ಸಿದ್ರೆ ಹೇಗೆ?”

ಮಗುವಿಗೆ ಒಂದು ಗೆರೆ ಬೇಕಿತ್ತು ಎಂದು ಅಪ್ಪ ವಿವರಿಸಿದರು. “ಗೆರೆನಾ?” ಎಂದು ಅಷ್ಟೂ ಜನ ಒಟ್ಟಿಗೆ ಕೇಳಿದರು. ಆಮೇಲೆ ನಗುತ್ತಾ, ಬೈಯುತ್ತಾ, ಮತ್ತೆ ದಡಬಡ ಇಳಿದು ಹೋದರು. ಗಿರಣಿ ಶುರುವಾಯಿತು. ಅಜ್ಜಿ, “ಅಬ್ಬಾ, ಜೀವ ಬಂತು” ಎಂದು ಹೋಗಿ ಮಲಗಿದರು.

ಗುಬ್ಬಿ ಕಾಗದ ನೋಡಿದಳು. ಗೇಣುದ್ದದ ನೇರ ಗೆರೆ. ಅದಾದ ಮೇಲೆ ಪೆನ್ನಿಗೆ ಹುಚ್ಚು ಹಿಡಿದಂತೆ ಮೇಲೆ ಕೆಳಗೆ, ಅಂಚಿನಿಂದ ಅಂಚಿಗೆ, ಗೀಚೋ ಗೀಚು. ಇನ್ನೊಂದು ಸಲ ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಅತ್ತಳು.

ಸೋಮವಾರ ಟೀಚರ್ ಮೇಜಿನ ಮೇಲೆ ಸುರುಳಿ ಬಿಡಿಸಿದರು. ಗುಬ್ಬಿ ನೆಲ ನೋಡುತ್ತ ನಿಂತಿದ್ದಳು. ಬಾಗಿಲಲ್ಲಿ ಈ ವರ್ಷ ಯಾವ ಪಕ್ಕ ನಿಲ್ಲಿಸುತ್ತಾರೋ ಎಂದು ಯೋಚನೆ. ಲಾವಾ ಇಣುಕಿ, “ಕೋಳಿ ಕೆದಕಿದ ಹಾಗಿದೆ” ಎಂದ.

“ಈ ರೋಮ ರೋಮ ಇರೋದು?”

“ಗಿರಣಿ ಟೀಚರ್. ನಮ್ಮನೇಲಿ ಯಾವಾಗ್ಲೂ ಹೀಗೇ.”

ಟೀಚರ್ ತಲೆ ಎತ್ತಿದರು. “ಯಾವಾಗ್ಲೂನಾ? ಮನೆಯೆಲ್ಲ ನಡುಗುತ್ತಾ?” ಅವರಿಗೆ ಬಾಟಲಿಯ ಮೇಲಿದ್ದ ಎಡಗೈ ನೆನಪಾಯಿತೆಂದು ತೋರುತ್ತದೆ, ಗುಬ್ಬಿಯ ಕೈಯತ್ತ ಒಮ್ಮೆ ನೋಡಿದರು. “ಮತ್ತೆ ಈ ನೇರ ಗೆರೆ?”

“ಗಿರಣಿ ನಿಲ್ಸಿದಾಗ.”

“ಆಮೇಲೆ ಇಷ್ಟು ಜೋರಾಗಿ ನಡುಗಿದ್ದು ಏನು? ಏನಾದ್ರೂ ಬಿತ್ತಾ?”

“ಇಲ್ಲ ಟೀಚರ್. ಗಿರಣಿ ನಿಂತಿತ್ತಲ್ಲ, ಅದಕ್ಕೇ. ಬೀದಿಯವರೆಲ್ಲ ಹೆದರಿ ನಮ್ಮನೆಗೆ ಓಡಿ ಬಂದ್ರು.”

ಟೀಚರ್ ಸುರುಳಿಯನ್ನೊಮ್ಮೆ, ಗುಬ್ಬಿಯನ್ನೊಮ್ಮೆ ನೋಡಿದರು. ಆಮೇಲೆ ಭುಜ ಕುಲುಕತೊಡಗಿತು. ಕುರ್ಚಿ ಹುಡುಕಿ ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಎಲ್ಲ ಕಡೆ ನೆಲ ನಡುಗಿದರೆ ಜನ ಓಡ್ತಾರೆ. ನಿಮ್ಮ ಬೀದೀಲಿ ನಡುಗೋದು ನಿಂತರೆ ಓಡ್ತಾರೆ! ಅಯ್ಯೋ ನನ್ನ ಗುಬ್ಬೀ!”

“ನೇರ ಗೆರೆ ಸಾಕಾಗಲ್ಲ ಅಲ್ವಾ ಟೀಚರ್?”

“ನಾನು ನೇರ ಗೆರೆ ಕೇಳಿದ್ದೆ, ಗೇಣುದ್ದ ಇದೆ. ಬೇಕಾದಷ್ಟಾಯ್ತು. ಇದನ್ನ ಹೀಗೇ, ಇಡಿಯಾಗಿ ಗೋಡೆಗೆ ಹಾಕೋಣ. ಕೇಳು, ನಿಂಗೆ ನಡುಕ ಗೊತ್ತಾಗಲ್ಲ ಅಂತಲ್ಲ. ಅಭ್ಯಾಸ ಆಗಿಬಿಟ್ಟಿದೆ. ಅಭ್ಯಾಸ ಆದವರಿಗೇ ಈ ಯಂತ್ರ ಎಲ್ಲರಿಗಿಂತ ಹೆಚ್ಚು ಬೇಕಾಗಿರೋದು. ಮೈ ಹೇಳದಿದ್ರೆ ಕಣ್ಣಲ್ಲಿ ನೋಡು, ಪೆನ್ನು ಕುಣಿದರೆ ಮೇಜಿನ ಕೆಳಗೆ. ತಿಳೀತಾ?” ಮರುದಿನ ಗುಬ್ಬಿ ಯಂತ್ರವನ್ನು ಶಾಲೆಗೆ ತಂದ ಮೇಲೆ, ಆ ಕಲ್ಲು ಎಲ್ಲಿಯದೆಂದು ಕೇಳಿಕೊಂಡು, ಅವರು ಭೂತಗನ್ನಡಿ ಹಿಡಿದು ಕಪ್ಪು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೈತುಂಬ ಸಣ್ಣ ಸಣ್ಣ ತೂತು. “ಗುಳ್ಳೆ ಎದ್ದು ತಣ್ಣಗಾದ ಗುರುತು ಇದು. ಒಂದಾನೊಂದು ಕಾಲಕ್ಕೆ ಬೆಂಕಿಬೆಟ್ಟದಿಂದ ಹರಿದು ಬಂದದ್ದು. ನೀವು ಬಾಗಿಲಿಗೆ ಅಡ್ಡ ಇಟ್ಟಿದ್ದು ಲಾವಾನ ಕಣೇ!”

“ಟೀಚರ್, ನಾನು ಕೆಂಪು ಬಣ್ಣ ಕಲಸಿ ಕಲಸಿ ಸುಸ್ತಾದೆ,” ಎಂದು ಲಾವಾ ಮುಖ ಊದಿಸಿದ, “ಇವಳ ಮನೇಲಿ ನಿಜವಾದದ್ದೇ ಬಿದ್ದಿತ್ತಾ?”

ಪ್ರದರ್ಶನದ ದಿನ ಗುಬ್ಬಿ ನಿಂತದ್ದು ಬಾಗಿಲಲ್ಲಲ್ಲ, ಸಭಾಂಗಣದ ನಟ್ಟನಡುವೆ. ಹಿಂದೆ ಗೋಡೆಯ ಉದ್ದಕ್ಕೂ ಕಾಗದ. ‘ಗಿರಣಿ’, ‘ಗಿರಣಿ ನಿಂತ ಹೊತ್ತು’, ‘ನಮ್ಮ ಬೀದಿ’ ಎಂದು ಅವಳದೇ ದುಂಡಕ್ಷರ. ಜನ ಓದಿ ಓದಿ ನಗುತ್ತಿದ್ದರು. ದರ್ಜಿ ತನ್ನ ಹೆಜ್ಜೆ ಯಾವುದೆಂದು ಬೆರಳಿಟ್ಟು ತೋರಿಸುತ್ತ ನಾಲ್ಕು ಸುತ್ತು ಬಂದರು. ಗಿರಣಿ ನಿಲ್ಲಿಸಿದರೆ ಮತ್ತೆ ಬೀದಿ ಓಡಿ ಬಂದೀತೆಂದು ಚಿಕ್ಕಪ್ಪ ಗಿರಣಿಯಲ್ಲೇ ಉಳಿದಿದ್ದರು. ಅಪ್ಪ, ಅಮ್ಮ, ಅಜ್ಜಿ ಬಂದಿದ್ದರು. ಬಾಗಿಲಲ್ಲಿ ಕೊಟ್ಟ ನೀರಿನ ಲೋಟಗಳನ್ನು ಗುಬ್ಬಿಯ ಮೇಜಿನ ಮೇಲಿಟ್ಟು, ಮೂವರೂ ಬಾಯಿ ತೆರೆದುಕೊಂಡು ಲಾವಾನ ಜ್ವಾಲಾಮುಖಿ ನೋಡುತ್ತಿದ್ದರು. ಅದು ಕೆಮ್ಮಿತೇ ಹೊರತು ಉಕ್ಕಲಿಲ್ಲ.

ಆಗಲೇ ಟೀಚರ್ ಜವಾನನಿಗೆ ಕಣ್ಸನ್ನೆ ಮಾಡಿದರು. ಮೇಲಿನ ಮಹಡಿಯಲ್ಲಿ ಡ್ರಮ್ಮು ಗಡಗಡ ಉರುಳಿತು.

ಗುಬ್ಬಿಯ ಮೈ ಏನೂ ಹೇಳಲಿಲ್ಲ. ಅವಳ ಕೈ ಆಗಲೇ ಅಪ್ಪನ ಲೋಟದತ್ತ ಹೊರಟಿತ್ತು. ಆದರೆ ಕಣ್ಣು ಪೆನ್ನಿನ ಮೇಲಿತ್ತು, ಪೆನ್ನು ಕುಣಿಯುತ್ತಿತ್ತು.

“ನಡುಗ್ತಿದೆ!” ಎಂದು ಕಿರುಚಿ, ಎಲ್ಲರಿಗಿಂತ ಮೊದಲು ಮೇಜಿನ ಕೆಳಗೆ ತೂರಿದವಳು ಗುಬ್ಬಿ. ತೂರುತ್ತಲೇ ಅಜ್ಜಿಯ ಕೈ ಹಿಡಿದೆಳೆದಳು. ಅಜ್ಜಿ ಅಮ್ಮನನ್ನು ಹಿಡಿದುಕೊಂಡರು. ಸಭಾಂಗಣದ ಮಕ್ಕಳು, ಅವರ ಹಿಂದೆ ದೊಡ್ಡವರು, ಸಿಕ್ಕ ಸಿಕ್ಕ ಮೇಜುಗಳ ಕೆಳಗೆ.

“ಎಲ್ಲೇ ನಡುಗ್ತಿದೆ?” ಎಂದರು ಅಜ್ಜಿ, ಮೊಣಕಾಲು ಮಡಿಸಲಾಗದೆ ನರಳುತ್ತ. “ನಂಗೇನೂ ಗೊತ್ತಾಗ್ತಿಲ್ವಲ್ಲ!”

“ನಂಗೂ ಗೊತ್ತಾಗಲ್ಲ ಅಜ್ಜಿ. ಪೆನ್ನು ಹೇಳ್ತು.”

ಸದ್ದು ನಿಂತಿತು. ಮೇಜಿನ ಕೆಳಗಿನಿಂದ ನೋಡಿದರೆ ಇಡೀ ಸಭಾಂಗಣದಲ್ಲಿ ಟೀಚರ ಕಾಲು ಬಿಟ್ಟರೆ ಇನ್ನೆರಡೇ ಕಾಲು ಕಾಣುತ್ತಿದ್ದವು. ಪಾದರಕ್ಷೆಯ ತುಂಬ ಹಿಟ್ಟಿನ ಪುಡಿ.

ಯಾವಾಗಲೋ ಜ್ವಾಲಾಮುಖಿ ಬಿಟ್ಟು ಗೋಡೆಯ ಬಳಿಗೆ ಬಂದು, ಎಡಗೈಯಲ್ಲಿ ಮೇಜಿನ ಮೇಲಿನ ತನ್ನ ನೀರಿನ ಲೋಟವನ್ನು ಭದ್ರವಾಗಿ ಮುಚ್ಚಿ ಹಿಡಿದು, ಬಲಗೈ ಬೆರಳಿಂದ ಗೋಡೆಯ ಮೇಲಿನ ನೇರ ಗೆರೆಯನ್ನು ಸವರುತ್ತಿದ್ದ ಅಪ್ಪ ನಿಧಾನವಾಗಿ ಹಿಂತಿರುಗಿ ನೋಡಿದರು.

“ಅರೆ, ಎಲ್ಲರೂ ಎಲ್ಲಿ ಹೋದ್ರು?”

“ಬಂಡೆ!” ಎಂದು ಲಾವಾ ತನ್ನ ಮೇಜಿನ ಕೆಳಗಿಂದ ಕೂಗಿದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಗುಬ್ಬಿ. ನಗುತ್ತಲೇ ಕೈ ಹೊರಗೆ ಚಾಚಿ ಅಪ್ಪನ ಕಾಲು ಹಿಡಿದೆಳೆದಳು.

“ಬಾಪ್ಪಾ ಒಳಗೆ. ಲೋಟ ಬಿಟ್ಟು ಬಾ.”